ಅಕ್ಕಿ ಬ್ಯಾಡ್ರಿ, ಕಾರ್ಡ್ ಉಳಸ್ರಿ

ಬೈಲಹೊಂಗಲದಿಂದ ಸವದತ್ತಿ ಕಡೆ ಹೋಗುವ ದಾರಿಯಲ್ಲಿ ನಮ್ಮೂರು. ಅಲ್ಲಿಯ ಸೊಸೈಟಿಯಲ್ಲಿ ಸೆಕ್ರೆಟರಿಯಾಗಿ ದುಡಿದು ನಿವೃತ್ತನಾದವನು ನಾನು. ಬೆಳೆಸಾಲ, ಗೊಬ್ಬರ, ಬೀಜದ ಜತೆಗೆ ರೇಶನ್ ಹಂಚುವುದೂ ನಮ್ಮ ಸೊಸೈಟಿಯದೇ ಕೆಲಸವಾಗಿತ್ತು. ನಾನು ಖುರ್ಚಿ ಬಿಟ್ಟರೂ ಕೇಳುವವರು ನನ್ನನ್ನು ಬಿಟ್ಟಿಲ್ಲ. ಆಧಾರ್ ಝೆರಾಕ್ಸ್, ಹೊಲದ ಉತಾರ, ಹರಿದ ಹಳೆಯ ಚೀಟಿ ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಂಡು ಬಂದು ಕಟ್ಟೆಯ ಮೇಲೆ ಕೂರುತ್ತಾರೆ. "ಸಾಹೇಬ್ರ, ನಮ್ಮದು ಬಿಪಿಎಲ್ ಐತೋ, ಎಪಿಎಲ್ ಆಗೇತೋ ನೋಡ್ರಿ" ಎನ್ನುತ್ತಾರೆ. ಯಾಕೆ, ಅಕ್ಕಿ ಬರಲಿಲ್ಲವೇ ಎಂದರೆ, "ಅಕ್ಕಿ ಬ್ಯಾಡ್ರಿ, ಕಾರ್ಡ್ ಉಳಸ್ರಿ" ಎಂಬ ಉತ್ತರ.

ಅಕ್ಕಿ ಬೇಡ, ಅಕ್ಕಿಯ ಚೀಟಿ ಬೇಕು! ಹೊರಗಿನವರಿಗೆ ಇದು ನಗೆಯ ಮಾತು. ಬೈಲಹೊಂಗಲ ಉಪವಿಭಾಗದ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳಲ್ಲಿ ಯಾವ ಊರಿಗೆ ಹೋದರೂ ಈ ಮಾತು ಕೇಳಿಸುತ್ತದೆ, ಅದಕ್ಕೆ ತಕ್ಕ ಕಾರಣವೂ ಇದೆ. ಅದು ತಿಳಿಯಬೇಕಾದರೆ ಚೀಟಿಗಳಲ್ಲಿ ಎಷ್ಟು ಬಗೆ, ಯಾವುದು ಯಾರಿಗೆ, ಆದಾಯದ ಗೆರೆಯನ್ನು ಎಳೆಯುವುದು ಹೇಗೆ ಎಂಬುದನ್ನು ಮೊದಲು ನೋಡಬೇಕು.

ಚೀಟಿಗಳು ಮೂರು

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಲ್ಲಿ ಬಿಪಿಎಲ್, ಎಪಿಎಲ್ ಎಂಬ ಹೆಸರುಗಳೇ ಇಲ್ಲ. ನಾವು ಬಿಪಿಎಲ್ ಎನ್ನುವುದು ಕಾಯ್ದೆಯ ಲೆಕ್ಕದಲ್ಲಿ 'ಆದ್ಯತಾ ಕುಟುಂಬ'. ಎಪಿಎಲ್ ಎನ್ನುವುದು 'ಆದ್ಯತೇತರ'. ಇವೆರಡಕ್ಕೂ ಕೆಳಗೆ, ಬಡವರಲ್ಲೇ ಬಡವರಿಗೆಂದು ಇರುವುದು 'ಅಂತ್ಯೋದಯ'.

ಅಂತ್ಯೋದಯದ ಲೆಕ್ಕ ಮನೆಗೆ ಇಷ್ಟು ಎಂದು. ಮನೆಯಲ್ಲಿ ಒಬ್ಬಳೇ ಅಜ್ಜಿ ಇದ್ದರೂ ತಿಂಗಳಿಗೆ 35 ಕೆಜಿ, ಐವರಿದ್ದರೂ 35 ಕೆಜಿ. ಆದ್ಯತಾ ಕುಟುಂಬದ ಲೆಕ್ಕ ತಲೆಗೆ ಇಷ್ಟು ಎಂದು: ಒಬ್ಬರಿಗೆ 5 ಕೆಜಿ. ಕೌಂಟರಿನಲ್ಲಿ ನಾವು 'ಯೂನಿಟ್ ಎಷ್ಟು?' ಎಂದು ಕೇಳುತ್ತಿದ್ದದ್ದು ಇದನ್ನೇ. ಕಾಯ್ದೆಯ ಪ್ರಕಾರ ಅಕ್ಕಿಗೆ ಕೆಜಿಗೆ 3 ರೂಪಾಯಿ, ಗೋಧಿಗೆ 2, ಜೋಳ-ರಾಗಿಯಂಥ ಧಾನ್ಯಕ್ಕೆ 1 ರೂಪಾಯಿ ಇತ್ತು. 2023ರ ಜನವರಿಯಿಂದ ಕೇಂದ್ರ ಸರ್ಕಾರ ಅದನ್ನೂ ತೆಗೆದು ಪುಕ್ಕಟೆ ಮಾಡಿತು. 2024ರ ಜನವರಿಯಿಂದ ಇನ್ನೂ ಐದು ವರ್ಷ ಹಾಗೆಯೇ ಎಂದಿದೆ. ಎಪಿಎಲ್‌ನವರಿಗೆ ಕಾಯ್ದೆಯಲ್ಲಿ ಹಕ್ಕಿನ ಧಾನ್ಯವಿಲ್ಲ.

ಇದರ ಮೇಲೆ ರಾಜ್ಯದ ಅನ್ನಭಾಗ್ಯ. 2013ರ ಜುಲೈನಲ್ಲಿ ಕೆಜಿಗೆ 1 ರೂಪಾಯಿಯಂತೆ ಮನೆಗೆ 30 ಕೆಜಿವರೆಗೆ ಕೊಡುವುದರಿಂದ ಶುರುವಾದ ಯೋಜನೆ ಅಳತೆ ಬದಲಿಸುತ್ತ ಬಂದು, 2023ರಲ್ಲಿ ಒಬ್ಬರಿಗೆ ಒಟ್ಟು 10 ಕೆಜಿಗೆ ಮುಟ್ಟಿತು. ಹೆಚ್ಚುವರಿ ಅಕ್ಕಿ ಸಿಗದ ಕಾರಣ ಮೊದಮೊದಲು ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಬ್ಯಾಂಕ್ ಖಾತೆಗೆ ಬಂತು. 2025ರಲ್ಲಿ ರೊಕ್ಕ ನಿಂತು ಅಕ್ಕಿಯೇ ಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ ಆ ಹೆಚ್ಚುವರಿ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ 'ಇಂದಿರಾ ಕಿಟ್' ಕೊಡಲು ಸಚಿವ ಸಂಪುಟ ಒಪ್ಪಿತು.

ರೊಕ್ಕ ಬರುತ್ತಿದ್ದ ದಿನಗಳಲ್ಲಿ ಅಂತ್ಯೋದಯದ ಮಂದಿ ಬಹಳ ಜಗಳಕ್ಕೆ ಬಂದರು. "ಬಾಜೂ ಮನಿಯಾಂವಗ ಬಂದೇತಿ, ನಮಗ್ಯಾಕ ಇಲ್ಲ?" ಎಂದು. ಲೆಕ್ಕ ಸರಳವಾಗಿತ್ತು. ಮನೆಯಲ್ಲಿ ಮೂವರಿದ್ದರೆ ತಲೆಗೆ 10ರಂತೆ 30 ಕೆಜಿ ಆಗುತ್ತದೆ, ಅವರಿಗೆ ಆಗಲೇ 35 ಸಿಗುತ್ತಿದೆ. ಹಾಗಾಗಿ ರೊಕ್ಕವಿಲ್ಲ. ನಾಲ್ವರಿದ್ದರೆ 40ಕ್ಕೆ 5 ಕಡಿಮೆ, ಅದಕ್ಕೆ 170 ರೂಪಾಯಿ. ಐವರಿದ್ದರೆ 15 ಕಡಿಮೆ, 510 ರೂಪಾಯಿ. ಇಷ್ಟನ್ನು ಸೊಸೈಟಿಯ ಗೋಡೆಗೆ ಬರೆದು ಹಚ್ಚಿದ್ದರೆ ಅರ್ಧ ಜಗಳ ತಪ್ಪುತ್ತಿತ್ತು.

ಮೊದಲು ಹೀಗಿರಲಿಲ್ಲ

ನಮ್ಮ ಭಾಗ ಮುಂಬೈ ಪ್ರಾಂತದಲ್ಲಿದ್ದ ಕಾಲದ ಹಿರಿಯರು ರೇಶನ್ ಅಂಗಡಿಗೆ 'ಕಂಟ್ರೋಲ್' ಎನ್ನುತ್ತಿದ್ದರು. ಮಹಾಯುದ್ಧದ ನಡುವೆ, 1943ರಲ್ಲಿ, ಮುಂಬೈ ನಗರಕ್ಕೆ ರೇಶನ್ ಬಂತು. ಆಗ ಅದು ಬಡವರಿಗೆ ಎಂದಲ್ಲ, ಎಲ್ಲರಿಗೂ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲೂ ಶಾಲೆ ಮಾಸ್ತರರೂ ಹೊಲಗೂಲಿಯವರೂ ಒಂದೇ ಸರದಿಯಲ್ಲಿ ನಿಂತು ಸಕ್ಕರೆ, ಚಿಮಣಿ ಎಣ್ಣೆ ಒಯ್ಯುತ್ತಿದ್ದರು.

1997ರ ಜೂನ್‌ನಲ್ಲಿ ಸರದಿ ಎರಡಾಯಿತು. ಬಡತನ ರೇಖೆಯ ಕೆಳಗಿನವರು (ಬಿಪಿಎಲ್), ಮೇಲಿನವರು (ಎಪಿಎಲ್) ಎಂದು ಕೇಂದ್ರ ಸರ್ಕಾರ ವಿಂಗಡಿಸಿತು. 2000ದ ಡಿಸೆಂಬರ್ 25ರಂದು ಅಂತ್ಯೋದಯ ಸೇರಿ ಮೂರಾಯಿತು. ಆರಂಭದಲ್ಲಿ ಅಂತ್ಯೋದಯದ ಮನೆಗೆ 25 ಕೆಜಿ ಇತ್ತು, 2002ರಿಂದ 35 ಆಯಿತು. ಅದಕ್ಕೆ ಯಾರು ಅರ್ಹರು ಎಂಬ ಪಟ್ಟಿ ಓದಿದರೆ ನಮ್ಮ ನಾಲ್ಕು ತಾಲೂಕಿನ ಓಣಿಗಳಲ್ಲಿ ಸುತ್ತಾಡಿದಂತೆ ಇದೆ: ಭೂಮಿಯಿಲ್ಲದ ಕೂಲಿಕಾರರು, ಕುಂಬಾರರು, ಕಮ್ಮಾರರು, ಬಡಿಗೇರರು, ನೇಕಾರರು, ಚಪ್ಪಲಿ ಹೊಲಿಯುವವರು, ಹಮಾಲರು, ವಿಧವೆಯರು, ಅಂಗವಿಕಲರು, ಆಸರೆಯಿಲ್ಲದ ವೃದ್ಧರು, ಒಂಟಿ ಹೆಂಗಸರು. ರಾಮದುರ್ಗದ ನೇಕಾರ ಓಣಿಯೂ ಬೈಲಹೊಂಗಲ ಮಾರುಕಟ್ಟೆಯ ಹಮಾಲರೂ ಈ ಪಟ್ಟಿಯಲ್ಲಿ ಕಾಣುತ್ತಾರೆ. ಈ ಪಟ್ಟಿ ಮನೆಯವರ ರೊಕ್ಕ ಎಣಿಸುವುದಿಲ್ಲ, ಅವರ ಬದುಕು ನೋಡುತ್ತದೆ. ಅದಕ್ಕೇ ಇರಬೇಕು, ನನ್ನ ಕಾಲದಲ್ಲಿ ಅಂತ್ಯೋದಯದ ಚೀಟಿ ಬಗ್ಗೆ ಊರಲ್ಲಿ ತಕರಾರು ಬಂದದ್ದು ಕಡಿಮೆ. ತಕರಾರೆಲ್ಲ ಬಿಪಿಎಲ್ ಮತ್ತು ಎಪಿಎಲ್ ನಡುವಿನ ಗೆರೆಯದು.

ಒಂದು ಲಕ್ಷ ಇಪ್ಪತ್ತು ಸಾವಿರ

ಆ ಗೆರೆ ವರ್ಷಕ್ಕೆ 1,20,000 ರೂಪಾಯಿ. ಕುಟುಂಬದ ಎಲ್ಲರ ಆದಾಯ ಸೇರಿ ಇದಕ್ಕಿಂತ ಹೆಚ್ಚಿದ್ದರೆ ಕರ್ನಾಟಕದಲ್ಲಿ ಬಿಪಿಎಲ್ ಇಲ್ಲ. ಇದಕ್ಕೂ ಮೊದಲು ಹಳ್ಳಿಗೆ 12 ಸಾವಿರ, ಪಟ್ಟಣಕ್ಕೆ 17 ಸಾವಿರ ಎಂಬ ಮಿತಿ ಇತ್ತು. ವರ್ಷಕ್ಕೆ 12 ಸಾವಿರದಲ್ಲಿ ಬದುಕುವ ಮನೆ ಯಾವುದೂ ಇಲ್ಲ ಎಂದು ಎಲ್ಲರಿಗೂ ಗೊತ್ತಿತ್ತು, ಆದರೂ ದಾಖಲೆಯಲ್ಲಿ ಎಲ್ಲರೂ ಹಾಗೆ ಬದುಕಿದರು.

ಈಗಿನ ಗೆರೆಯನ್ನೇ ಬಿಡಿಸಿ ನೋಡಿ. ತಿಂಗಳಿಗೆ 10 ಸಾವಿರ. ಐವರ ಮನೆಯಾದರೆ ಒಬ್ಬರಿಗೆ 2 ಸಾವಿರ, ದಿನಕ್ಕೆ ಸುಮಾರು 66 ರೂಪಾಯಿ. ಊಟ, ಬಟ್ಟೆ, ಔಷಧ, ಸಾಲಿ ಫೀ, ಬಸ್ಸು, ಎಲ್ಲ ಅದರಲ್ಲೇ. ಇನ್ನೊಂದು ಕಡೆಯಿಂದಲೂ ನೋಡಬಹುದು. 2025–26ರಲ್ಲಿ ಕರ್ನಾಟಕದಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಗಂಡ-ಹೆಂಡತಿ ಇಬ್ಬರೂ ಅದೇ ದರದಲ್ಲಿ ವರ್ಷಕ್ಕೆ 200 ದಿನ ದುಡಿದರೆ 1,48,000 ಆಗುತ್ತದೆ. ಅಂದರೆ ಸರ್ಕಾರದ್ದೇ ಕೂಲಿ ದರದಲ್ಲಿ, ವರ್ಷದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ದಿನ ಮೈಮುರಿದು ದುಡಿದ ದಂಪತಿ ಬಡವರಲ್ಲ! ಎಂ.ಕೆ. ಹುಬ್ಬಳ್ಳಿ, ಮುನವಳ್ಳಿ ಕಡೆಯ ಕಬ್ಬಿನ ಹಂಗಾಮಿನಲ್ಲಿ ಗ್ಯಾಂಗ್ ಕಟ್ಟಿಕೊಂಡು ದುಡಿಯುವವರು ಇದನ್ನು ಸುಲಭವಾಗಿ ದಾಟುತ್ತಾರೆ. ಹಂಗಾಮು ಮುಗಿದ ಮೇಲೆ ಅವರ ಕೈಯಲ್ಲಿ ಏನು ಉಳಿದಿರುತ್ತದೆ ಎಂದು ಕಿರಾಣಿ ಅಂಗಡಿಯ ಉದ್ರಿ ವಹಿ ಹೇಳುತ್ತದೆ.

ಇದೇ ದೇಶದಲ್ಲಿ ಆರ್ಥಿಕವಾಗಿ ಹಿಂದುಳಿದವರ ಶೇ 10ರ ಮೀಸಲಾತಿಗೆ ಆದಾಯದ ಮಿತಿ ವರ್ಷಕ್ಕೆ 8 ಲಕ್ಷ. 2025–26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆಯೇ ಬೀಳುವುದಿಲ್ಲ. 12 ಲಕ್ಷದವರೆಗೆ ತೆರಿಗೆ ಕಟ್ಟುವಷ್ಟು ಶಕ್ತಿ ಇಲ್ಲ, 1 ಲಕ್ಷ 20 ಸಾವಿರ ದಾಟಿದರೆ ಬಡತನ ಇಲ್ಲ. ಈ ಎರಡರ ನಡುವೆ ನಿಂತವರೇ ನಮ್ಮಲ್ಲಿ ಹೆಚ್ಚು.

ಹಾಗಾದರೆ ಆದಾಯ ಅಳೆಯುವವರು ಯಾರು? ನಾಡಕಚೇರಿಯಲ್ಲೋ ಗ್ರಾಮ ಒನ್‌ನಲ್ಲೋ ಅರ್ಜಿ ಹಾಕಿದರೆ ಗ್ರಾಮ ಆಡಳಿತ ಅಧಿಕಾರಿ, ನಮ್ಮ ಹಿರಿಯರ ಬಾಯಲ್ಲಿ ಇನ್ನೂ 'ತಲಾಟಿ', ವಿಚಾರಿಸಿ ವರದಿ ಕೊಡುತ್ತಾರೆ. ತಹಶೀಲ್ದಾರರ ಹೆಸರಿನಲ್ಲಿ ಜಾತಿ-ಆದಾಯ ಪ್ರಮಾಣಪತ್ರ ಬರುತ್ತದೆ. ಆದಾಯದ್ದಕ್ಕೆ ಐದು ವರ್ಷ ಆಯುಷ್ಯ. ಪಗಾರದವನ ಆದಾಯ ಕಾಗದದಲ್ಲಿ ಕಾಣುತ್ತದೆ. ಹತ್ತಿ ಒಂದು ವರ್ಷ ಕೈಹಿಡಿದು ಮುಂದಿನ ವರ್ಷ ಕೈಕೊಡುವವನ ಆದಾಯ ಯಾವುದು? ಮಳೆ ಹೋದ ವರ್ಷದ್ದೋ, ಬಂದ ವರ್ಷದ್ದೋ? ವಿಚಾರಿಸಲು ಬಂದವರಿಗೂ ಉತ್ತರ ಗೊತ್ತಿಲ್ಲ, ಹೇಳುವವರಿಗೂ ಗೊತ್ತಿಲ್ಲ. ಒಂದು ಅಂಕಿ ಬೀಳುತ್ತದೆ, ಅಷ್ಟೆ.

ಅಳೆಯುವುದು ಗುರುತುಗಳನ್ನು

ಆದಾಯ ಕೈಗೆ ಸಿಗದ ಕಾರಣ ಸರ್ಕಾರ ಕಣ್ಣಿಗೆ ಕಾಣುವ ಗುರುತುಗಳನ್ನು ಹಿಡಿದಿದೆ. ಚೀಟಿ ಹೋಗುವುದು ಹೆಚ್ಚಾಗಿ ಇವುಗಳಿಂದ. ಒಂದೊಂದನ್ನೂ ಸರಿಯಾಗಿ ತಿಳಿದುಕೊಂಡರೆ ಗಾಳಿಮಾತಿಗೆ ಹೆದರುವುದು ತಪ್ಪುತ್ತದೆ.

ಮೊದಲನೆಯದು ನೌಕರಿ ಮತ್ತು ತೆರಿಗೆ. ಮನೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಸಂಸ್ಥೆಯ ಕಾಯಂ ನೌಕರರಿದ್ದರೆ, ಆದಾಯ ತೆರಿಗೆ, ಜಿಎಸ್‌ಟಿ ಅಥವಾ ವೃತ್ತಿ ತೆರಿಗೆ ಕಟ್ಟುವವರಿದ್ದರೆ ಬಿಪಿಎಲ್ ಇಲ್ಲ. ಇದರಲ್ಲಿ ವಾದಕ್ಕೆ ಜಾಗ ಕಡಿಮೆ.

ಎರಡನೆಯದು ಹೊಲ. 3 ಹೆಕ್ಟೇರ್, ಅಂದರೆ ಸುಮಾರು ಏಳೂವರೆ ಎಕರೆ ಒಣಭೂಮಿ ಅಥವಾ ಅದಕ್ಕೆ ಸಮನಾದ ನೀರಾವರಿ ಭೂಮಿಗಿಂತ ಹೆಚ್ಚಿರಬಾರದು. ಸವದತ್ತಿ ತಾಲೂಕಿನಲ್ಲಿ ಈ 'ಸಮನಾದ' ಎಂಬುದರಲ್ಲೇ ತೊಡಕು. ನವಿಲುತೀರ್ಥ ಅಣೆಕಟ್ಟಿನ ಮಲಪ್ರಭೆ ಕಾಲುವೆ ಹಾಯ್ದ ಊರಿನಲ್ಲಿ ಉತಾರದ ಮೇಲೆ ನೀರಾವರಿ ಎಂದಿದ್ದರೂ ಕೊನೆಯ ಹೊಲಗಳಿಗೆ ಎಷ್ಟೋ ಸಲ ನೀರು ಮುಟ್ಟುವುದಿಲ್ಲ. ಕಿತ್ತೂರಿನ ಪಡುವಣಕ್ಕೆ ಮಳೆ ಚೆನ್ನಾಗಿ ಬಿದ್ದು ಭತ್ತ ಬೆಳೆಯುತ್ತದೆ. ಅದೇ ಅಳತೆಯ ಹೊಲ ರಾಮದುರ್ಗದ ಮೂಡಣದಲ್ಲಿದ್ದರೆ ಜೋಳಕ್ಕೂ ಮುಗಿಲು ನೋಡಬೇಕು. ಎಕರೆಯ ಲೆಕ್ಕಕ್ಕೆ ಎರಡೂ ಒಂದೇ.

ಇನ್ನೊಂದು ಸಂಗತಿ ಉತಾರದ ಹೆಸರಿನದು. ಅಜ್ಜನ ಹೆಸರಿನಲ್ಲಿ ಒಂಬತ್ತು ಎಕರೆ, ಮಕ್ಕಳು ಮೂವರು ಬೇರೆಯಾಗಿ ಮೂರು ಒಲೆ ಹೂಡಿದ್ದಾರೆ, ಆದರೆ ವಾರಸಾ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗಿಲ್ಲ. ಅಜ್ಜ ಯಾವ ಮಗನ ಚೀಟಿಯಲ್ಲಿದ್ದಾನೋ ಆ ಮನೆ ಒಂಬತ್ತು ಎಕರೆಯ ಮನೆಯಾಗಿ ಕಾಣುತ್ತದೆ. ನಿಜದಲ್ಲಿ ಆ ಮಗ ಉಳುವುದು ಮೂರೇ ಎಕರೆ. ಮೊದಲು ವಾರಸಾ ಮಾಡಿಸಿ, ವಾಟ್ನಿ (ಪಾಲು) ದಾಖಲಾಗಲಿ ಎಂದು ಹೇಳಿ ಕಳಿಸುತ್ತೇನೆ. ಅಣ್ಣತಮ್ಮಂದಿರ ಮಾತು ಕೂಡಿದರೆ ಆಯಿತು. ಕೂಡದಿದ್ದರೆ ರೇಶನ್ ಚೀಟಿಯ ತಕರಾರು ಕೋರ್ಟಿನ ತಕರಾರಾಗುತ್ತದೆ.

ಮೂರನೆಯದು ಗಾಡಿ. ನಾಲ್ಕು ಗಾಲಿಯ ವಾಹನ ಇರಬಾರದು. ಆದರೆ ಹೊಟ್ಟೆಪಾಡಿಗಾಗಿ ತಾವೇ ಓಡಿಸುವ ಒಂದು ಟ್ರ್ಯಾಕ್ಟರ್, ಟ್ಯಾಕ್ಸಿ ಅಥವಾ ಮ್ಯಾಕ್ಸಿಕ್ಯಾಬ್‌ಗೆ ವಿನಾಯಿತಿ ಇದೆ. ಯಲ್ಲಮ್ಮನ ಗುಡ್ಡಕ್ಕೆ ಭಕ್ತರನ್ನು ಒಯ್ದು ತಂದು ಬದುಕುವ ಡ್ರೈವರ್‌ಗೆ ಇದು ಗೊತ್ತಿರಬೇಕು. ಮಾರಿದ ಹಳೆಯ ಕಾರು ಇನ್ನೂ ತನ್ನ ಹೆಸರಿನಲ್ಲೇ ಇದ್ದರೆ ಅದು ದಾಖಲೆಯಲ್ಲಿ ತನ್ನದೇ ಎಂಬುದೂ ಗೊತ್ತಿರಬೇಕು.

ನಾಲ್ಕನೆಯದು ಮನೆ. 1,000 ಚದರ ಅಡಿಗಿಂತ ದೊಡ್ಡ ಪಕ್ಕಾ ಮನೆ ಎಂಬ ಷರತ್ತು ನಗರ ಪ್ರದೇಶಕ್ಕೆ ಮಾತ್ರ. ಹಳ್ಳಿಯಲ್ಲಿ ಆರ್‌ಸಿಸಿ ಹಾಕಿದರೆ ಕಾರ್ಡ್ ಹೋಗುತ್ತದೆ ಎಂಬುದು ಸುಳ್ಳು. 2019ರ ಆಗಸ್ಟಿನ ಮಲಪ್ರಭೆಯ ನೆರೆಯಲ್ಲಿ ಮನೆ ಕಳೆದುಕೊಂಡು, ಪರಿಹಾರದ ರೊಕ್ಕದಲ್ಲಿ ಗೋಡೆ ಎಬ್ಬಿಸಿದ ರಾಮದುರ್ಗದ ಹೊಳೆಸಾಲಿನ ಹಳ್ಳಿಗರಿಗೂ ಈ ಹೆದರಿಕೆ ಬೇಡ.

ಒಂದೇ ಗೂಟಕ್ಕೆ ಎಲ್ಲ ದನ

ಈಗ ಆ ಮಾತಿಗೆ ಬರೋಣ. ಅಕ್ಕಿ ಬೇಡವಾದವರಿಗೆ ಕಾರ್ಡ್ ಯಾಕೆ?

ನಮ್ಮದು ರೊಟ್ಟಿಯ ಸೀಮೆ. ಬೆಳಗಿನಿಂದ ಜೋಳದ ರೊಟ್ಟಿ-ಪಲ್ಯ, ರಾತ್ರಿಗೆ ಒಂದಿಷ್ಟು ಅನ್ನ-ಸಾರು. ತಲೆಗೆ 10 ಕೆಜಿಯಂತೆ ಐವರ ಮನೆಗೆ ತಿಂಗಳಿಗೆ 50 ಕೆಜಿ ಅಕ್ಕಿ ಬಂದಾಗ ಅದು ಎಲ್ಲರಿಗೂ ಖರ್ಚಾಗುತ್ತಿರಲಿಲ್ಲ. ಉಳಿದದ್ದನ್ನು ಬೈಕ್ ಮೇಲೆ ಬಂದು ಕೊಂಡೊಯ್ಯುವವರಿದ್ದಾರೆ ಎಂಬುದು ಊರಿಗೆಲ್ಲ ಗೊತ್ತು. ಅದು ಅಪರಾಧ, ಸಿಕ್ಕಿಬಿದ್ದರೆ ಚೀಟಿಯೂ ಹೋಗುತ್ತದೆ. ಉತ್ತರ ಕರ್ನಾಟಕದಲ್ಲಿ ಅಕ್ಕಿಯ ಜತೆ ಜೋಳ ಕೊಟ್ಟದ್ದೂ ಉಂಟು. ಜೋಳ ಬಂದ ತಿಂಗಳು ಚೀಲ ಸೀದಾ ಮನೆಗೇ ಹೋಗುತ್ತಿತ್ತು.

ಅಕ್ಕಿಗಿಂತ ದೊಡ್ಡದು ದವಾಖಾನೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ಎರಡು ಲಕ್ಷದ ಆಪರೇಶನ್ ಎಂದುಕೊಳ್ಳಿ. ಬಿಪಿಎಲ್ ಮನೆಗೆ ಖರ್ಚಿಲ್ಲ, ಎಪಿಎಲ್ ಮನೆ 1 ಲಕ್ಷ 40 ಸಾವಿರ ಹೊಂದಿಸಬೇಕು. ಆದಾಯ ಗೆರೆಯಿಂದ ಹತ್ತು ಸಾವಿರ ಮೇಲೆ ಹೋದದ್ದಕ್ಕೆ ಇಷ್ಟು ದೊಡ್ಡ ದಂಡ. "ಕಾರ್ಡ್ ಉಳಸ್ರಿ" ಎನ್ನುವವರು ತಮ್ಮ ಮನೆಯ ಬಿಪಿ, ಶುಗರ್, ಹಾರ್ಟಿನ ಪೇಶಂಟನ್ನು ನೆನೆದುಕೊಂಡು ಹೇಳುತ್ತಾರೆ.

ರಾಜ್ಯ ಸರ್ಕಾರ ಮನೆಯ ಯಜಮಾನಿಗೆ ತಿಂಗಳಿಗೆ ಕೊಡುವ ಗೃಹಲಕ್ಷ್ಮಿಯ 2,000 ರೂಪಾಯಿಗೂ ಆಧಾರ ಈ ಚೀಟಿಯೇ. ಅದು ಅಂತ್ಯೋದಯ, ಬಿಪಿಎಲ್, ಎಪಿಎಲ್ ಮೂವರಿಗೂ ಇದೆ. ಯಜಮಾನಿಯಾಗಲಿ ಆಕೆಯ ಗಂಡನಾಗಲಿ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರಾಗಿರಬಾರದು ಅಷ್ಟೆ. ಎಪಿಎಲ್ ಆದ ಕೂಡಲೇ ಗೃಹಲಕ್ಷ್ಮಿ ನಿಲ್ಲುತ್ತದೆ ಎಂದು ಅಳುತ್ತ ಬರುವ ಹೆಣ್ಣುಮಕ್ಕಳಿಗೆ ನಾನು ಮೊದಲು ಹೇಳುವುದು ಇದನ್ನೇ. 18 ತುಂಬಿದ ಹಿರಿಯ ಹೆಂಗಸೇ ಚೀಟಿಯ ಯಜಮಾನಿ ಎಂದು 2013ರ ಕಾಯ್ದೆಯ 13ನೇ ಕಲಮು ಹೇಳಿತ್ತು. ಹತ್ತು ವರ್ಷ ಅದನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. 2023ರಲ್ಲಿ ಗೃಹಲಕ್ಷ್ಮಿ ಬಂದಾಗ ಗಂಡಸರೇ ಓಡಾಡಿ ಹೆಂಡತಿಯ ಹೆಸರನ್ನು ಮೇಲಕ್ಕೆ ಹಾಕಿಸಿದರು.

2024ರ ನವೆಂಬರ್

ಆ ತಿಂಗಳು ರಾಜ್ಯದಲ್ಲಿ ಅನರ್ಹರ ಬಿಪಿಎಲ್ ಚೀಟಿಗಳನ್ನು ರದ್ದು ಮಾಡುವ, ಎಪಿಎಲ್‌ಗೆ ಬದಲಿಸುವ ಕೆಲಸ ಒಮ್ಮೆಲೇ ನಡೆಯಿತು. ಗುಲ್ಲೆದ್ದಿತು. ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಚೀಟಿಗಳನ್ನು ಮರಳಿ ಕೊಡಲು ಸರ್ಕಾರ ಹೇಳಿತು. ಆ ದಿನಗಳಲ್ಲಿ ಪತ್ರಿಕೆಗಳಲ್ಲೂ ನಮ್ಮ ಕಟ್ಟೆಯ ಮೇಲೂ ಒಂದೇ ಪ್ರಶ್ನೆ: ಕೂಲಿಯವನು ತೆರಿಗೆದಾರ ಆದದ್ದು ಹೇಗೆ?

ಹೇಗೆಂದರೆ, ಗಾಡಿಗೋ ಮನೆಗೋ ಸಾಲ ಬೇಕೆಂದು ಹೋದಾಗ ಸಾಲ ಕೊಡುವವರು ಐಟಿ ರಿಟರ್ನ್ ಕೇಳುತ್ತಾರೆ. ಪೇಟೆಯಲ್ಲಿ ಯಾರೋ ಒಂದಿಷ್ಟು ಫೀ ತೆಗೆದುಕೊಂಡು, ಆದಾಯ ಮೂರು ಲಕ್ಷ, ನಾಲ್ಕು ಲಕ್ಷ ಎಂದು ತುಂಬಿ ಸಲ್ಲಿಸುತ್ತಾರೆ. ಕಟ್ಟಬೇಕಾದ ತೆರಿಗೆ ಸೊನ್ನೆ. ಸಾಲವೇನೋ ಸಿಗುತ್ತದೆ. ಆದರೆ ಪಾನ್‌ಗೆ ಆಧಾರ್, ಆಧಾರ್‌ಗೆ ರೇಶನ್ ಚೀಟಿ ಜೋಡಣೆಯಾಗಿದೆ. ರಿಟರ್ನ್ ಸಲ್ಲಿಸುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ಸೊನ್ನೆ ತೆರಿಗೆಯ ರಿಟರ್ನ್ ಇದ್ದವರು ಅದರ ಪ್ರತಿಯನ್ನು ಹಿಡಿದು ವಾದಿಸಬಹುದು. ಆದರೆ ಅದರಲ್ಲಿ ತಾವೇ ತೋರಿಸಿದ ಆದಾಯ 1 ಲಕ್ಷ 20 ಸಾವಿರಕ್ಕಿಂತ ಹೆಚ್ಚಿದ್ದರೆ ವಾದದ ಬಲ ಕುಗ್ಗುತ್ತದೆ. ಬ್ಯಾಂಕಿಗೆ ಶ್ರೀಮಂತ, ಸೊಸೈಟಿಗೆ ಬಡವ ಎಂದು ಎರಡು ಕಡೆ ಎರಡು ಲೆಕ್ಕ ಕೊಡುವ ಕಾಲ ಮುಗಿಯಿತು.

ಅರ್ಹರಿದ್ದೂ ಹೊಸ ಚೀಟಿ ಸಿಗದಿರಲು ಮೇಲಿನ ಮಟ್ಟದಲ್ಲೂ ಒಂದು ಕಾರಣವಿದೆ. ದೇಶದ ಹಳ್ಳಿಗರಲ್ಲಿ ಶೇ 75, ಪಟ್ಟಣದವರಲ್ಲಿ ಶೇ 50ರವರೆಗೆ ಎಂದು ಕಾಯ್ದೆ ಮಿತಿ ಹಾಕಿದೆ. ಅದೂ 2011ರ ಜನಗಣತಿಯ ಲೆಕ್ಕದಲ್ಲಿ. ಅದರ ಮೇಲೆ ಕೊಟ್ಟರೆ ಖರ್ಚು ರಾಜ್ಯದ್ದು. ಹಾಗಾಗಿ ಹೊಸಬರ ಹೆಸರು ಒಳಗೆ ಬರಬೇಕಾದರೆ ಹಳೆಯ ಹೆಸರು ಹೊರಗೆ ಹೋಗಬೇಕೆಂಬ ಒತ್ತಡ ಯಾವಾಗಲೂ ಇರುತ್ತದೆ. 2011ರ ನಂತರ ಮದುವೆಯಾಗಿ ಬೇರೆ ಒಲೆ ಹೂಡಿದವರಿಗೆ ಇದರ ಬಿಸಿ ಹೆಚ್ಚು.

ಮಾಡಬೇಕಾದದ್ದು

ಚೀಟಿ ಎಪಿಎಲ್ ಆಯಿತೆಂದರೆ ಅಂಗಡಿಯವನ ಜತೆ ಜಗಳ ತೆಗೆಯಬೇಡಿ. ಅವನ ಮಶೀನಿನಲ್ಲಿ ಬಂದದ್ದನ್ನು ಅವನು ಬದಲಿಸಲಾರ. ತಾಲೂಕು ಕಚೇರಿಯ ಆಹಾರ ಶಾಖೆಗೆ ಹೋಗಿ, ಯಾವ ಷರತ್ತಿನಡಿ ಬದಲಾಯಿತು ಎಂದು ಲಿಖಿತವಾಗಿ ಕೇಳಿ. ಹೊಲವೋ, ಗಾಡಿಯೋ, ತೆರಿಗೆಯೋ, ಆದಾಯವೋ ಎಂದು ತಿಳಿದ ಮೇಲೆ ಅದಕ್ಕೆ ತಕ್ಕ ಕಾಗದ ಜೋಡಿಸಿ ತಹಶೀಲ್ದಾರರಿಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಅಲ್ಲಿ ಆಗದಿದ್ದರೆ ಕಾಯ್ದೆಯಲ್ಲೇ ಹೇಳಿದ ಜಿಲ್ಲಾ ಕುಂದುಕೊರತೆ ನಿವಾರಣಾ ಅಧಿಕಾರಿ, ಅದರ ಮೇಲೆ ರಾಜ್ಯ ಆಹಾರ ಆಯೋಗ ಇವೆ. 1967 ಸಹಾಯವಾಣಿಯೂ ಇದೆ.

ದುಡಿಯಲು ಗೋವಾಕ್ಕೋ ರತ್ನಾಗಿರಿಗೋ ಹೋಗುವವರಿಗೆ ಇನ್ನೊಂದು ಮಾತು. 2025ರ ಜುಲೈನ ಕೇಂದ್ರದ ಆದೇಶದಂತೆ ಆರು ತಿಂಗಳು ರೇಶನ್ ಎತ್ತದ ಚೀಟಿ ತಾತ್ಕಾಲಿಕವಾಗಿ ನಿಷ್ಕ್ರಿಯವಾಗುತ್ತದೆ, ಮನೆಗೆ ಬಂದು ಪರಿಶೀಲಿಸಿದ ಮೇಲೆ ತೀರ್ಮಾನ. 'ಒಂದು ದೇಶ, ಒಂದು ಪಡಿತರ ಚೀಟಿ' ವ್ಯವಸ್ಥೆಯಲ್ಲಿ ಕೇಂದ್ರದ ಪಾಲಿನ ಧಾನ್ಯವನ್ನು ಗೋವಾದ ಅಂಗಡಿಯಲ್ಲೇ ತಂಬ್ ಕೊಟ್ಟು ತೆಗೆದುಕೊಳ್ಳಬಹುದು. ಇ-ಕೆವೈಸಿ ಮನೆಯ ಎಲ್ಲರದೂ ಆಗಿರಲಿ. ಚೀಟಿಯೇ ಇಲ್ಲದ ಅಸಂಘಟಿತ ಕಾರ್ಮಿಕರು ಇ-ಶ್ರಮ್‌ನಲ್ಲಿ ಹೆಸರು ಹಚ್ಚಲಿ. ಅಂಥವರಿಗೆ ಪಡಿತರ ಚೀಟಿ ಕೊಡಬೇಕೆಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಸೂಚಿಸಿದೆ.

ಇವೆಲ್ಲ ನಾವು ಮಾಡಬೇಕಾದವು. ಸರ್ಕಾರ ಮಾಡಬೇಕಾದವು ಎರಡಿವೆ. 1 ಲಕ್ಷ 20 ಸಾವಿರದ ಗೆರೆ ಕೂಲಿಯ ದರ ಏರಿದಂತೆ ಏರಬೇಕು. ಕೂಲಿಯನ್ನು ವರ್ಷವರ್ಷ ಹೆಚ್ಚಿಸಿ ಗೆರೆಯನ್ನು ಇದ್ದಲ್ಲೇ ಇಟ್ಟರೆ, ಯಾರೂ ಶ್ರೀಮಂತರಾಗದೆಯೇ ಬಡವರು ಕಡಿಮೆಯಾಗುತ್ತಾರೆ. ಎರಡನೆಯದು, ದವಾಖಾನೆಯ ಸೌಲಭ್ಯವನ್ನು ಅಕ್ಕಿಯ ಚೀಟಿಯಿಂದ ಬಿಡಿಸಿ ಅದಕ್ಕೆ ಬೇರೆ ಮಿತಿ ಇಡಬೇಕು. ಹಸಿವಿನ ಅಳತೆಯೇ ಬೇರೆ, ಕಾಯಿಲೆಯ ಅಳತೆಯೇ ಬೇರೆ. ಆಗ ಅಕ್ಕಿ ಬೇಡವಾದವರು ಹೆದರಿಕೆಯಿಲ್ಲದೆ ಚೀಟಿ ಬಿಟ್ಟುಕೊಡುತ್ತಾರೆ, ಅಕ್ಕಿಯೇ ಬೇಕಾದವರಿಗೆ ಪಟ್ಟಿಯಲ್ಲಿ ಜಾಗ ಸಿಗುತ್ತದೆ.